ಬಳ್ಳಾರಿಯಲ್ಲಿದ್ದುಕೊಂಡೇ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಪುಸ್ತಕಗಳ ಎಡಿಟರ್ ಆಗಬಹುದಾ?

ಕೋಟೆ ರಸ್ತೆ ಓದುಗಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಎಂ.ಎ. ಕನ್ನಡ ಮುಗಿಸಿ ಇಲ್ಲೇ ಒಂದು ಡಿಟಿಪಿ ಸೆಂಟರ್‌ನಲ್ಲಿ ಪ್ರೂಫ್ ನೋಡುತ್ತಿದ್ದೇನೆ. ಮಠದ ಸ್ಮರಣ ಸಂಚಿಕೆ, ಪಿಎಚ್.ಡಿ. ಪ್ರಬಂಧ, ಕವನ ಸಂಕಲನ, ಮದುವೆ ಕಾರ್ಡು ಎಲ್ಲ ಬರುತ್ತವೆ. ಕಾಗುಣಿತ ತಿದ್ದುವುದು ನನಗೆ ಬೇಜಾರಿನ ಕೆಲಸ ಅಲ್ಲ, ಖುಷಿಯಿಂದಲೇ ಮಾಡುತ್ತೇನೆ.

ಆದರೆ ಮನಸ್ಸು ಇರುವುದು ಬೇರೆ ಕಡೆ. ಚಿಕ್ಕಂದಿನಿಂದ ಓದಿದ್ದು ಜಾಸ್ತಿ ವಿಜ್ಞಾನ ಕಥೆ, ಮಾಯಾಲೋಕದ ಕಥೆಗಳನ್ನೇ. ಈಗ ಇಂಗ್ಲಿಷಿನಲ್ಲೂ ಓದುತ್ತೇನೆ. ಅಂಥ ಪುಸ್ತಕಗಳ ಕೊನೆಗೆ ಲೇಖಕರು ತಮ್ಮ ಎಡಿಟರ್‌ಗೆ ಥ್ಯಾಂಕ್ಸ್ ಹೇಳಿರುತ್ತಾರಲ್ಲ, ಅದನ್ನು ಓದಿದಾಗೆಲ್ಲ ಇವರು ಏನು ಮಾಡಿರಬಹುದು ಅನ್ನಿಸುತ್ತದೆ. ಕಥೆ ಬರೆಯುವ ಆಸೆ ನನಗಿಲ್ಲ. ಬೇರೆಯವರ ಕಥೆ ಚೆನ್ನಾಗಿ ಬರಬೇಕು, ಅದರಲ್ಲಿ ನನ್ನ ಕೈಯೂ ಇರಬೇಕು. ಅಷ್ಟೇ ಆಸೆ.

ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ? ಕನ್ನಡದಲ್ಲಿ ಇದಕ್ಕೆ ಜಾಗ ಇದೆಯಾ? ಬೆಂಗಳೂರಿಗೆ ಹೋಗಲೇಬೇಕಾ? ಗೊತ್ತಿದ್ದವರು ಹೇಳಿ.

ಸೋನಾ ಮಸೂರಿ, ಸಿಂಧನೂರು

ತಂಗೀ, ಒಂದು ಮಾತು. ಬಿ.ಎಡ್. ಅರ್ಜಿಯನ್ನು ತುಂಬಿಬಿಡು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ನೌಕರಿ ಸಿಗುವ ದಾರಿ ಇದೆ. ಪುಸ್ತಕದ ಕೆಲಸ ಸಂಜೆ ಮಾಡಬಹುದು. ನಿನ್ನ ಆಸೆ ಬೇಡ ಅನ್ನುತ್ತಿಲ್ಲ. ಮನೆಯಲ್ಲಿ ದುಡಿಯುವ ಕೈ ಎಷ್ಟಿವೆ ನೋಡಿಕೊಂಡು ಹೆಜ್ಜೆ ಇಡು ಅಂತ ಅಣ್ಣನಾಗಿ ಹೇಳುತ್ತಿದ್ದೇನೆ.

ಕರಡು ಅಕ್ಕ, ರಾಯಚೂರು

ತಂಗೀ, ನಿನ್ನ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಬೆಂಗಳೂರಿನ ಒಂದು ಇಂಗ್ಲಿಷ್ ಪ್ರಕಾಶನದಲ್ಲಿದ್ದೆ. ಅಮ್ಮನ ಆರೋಗ್ಯಕ್ಕಾಗಿ ರಾಯಚೂರಿಗೆ ವಾಪಸ್ ಬಂದೆ. ಈಗ ಮನೆಯಿಂದಲೇ ಎಡಿಟಿಂಗ್ ಮಾಡುತ್ತೇನೆ, ಅದರಲ್ಲಿ ಫ್ಯಾಂಟಸಿ ಕಾದಂಬರಿಗಳೂ ಇರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದು.

ಪ್ರೂಫ್ ನೋಡುವಾಗ ನಮ್ಮ ಕಣ್ಣು ಅಕ್ಷರದ ಮೇಲೆ ಇರುತ್ತದೆ. ಎಡಿಟರ್ ಮೊದಲ ಸಲ ಓದುವಾಗ ಅಕ್ಷರದ ಕಡೆ ನೋಡುವುದೇ ಇಲ್ಲ. ಇಡೀ ಕಾದಂಬರಿಯನ್ನು ಏನೂ ತಿದ್ದದೆ ಒಮ್ಮೆ ಓದಬೇಕು. ಎಲ್ಲಿ ಬೇಸರ ಬಂತು, ಎಲ್ಲಿ ಒಂದು ಪಾತ್ರ ಯಾಕೆ ಹಾಗೆ ಮಾಡಿತು ಅಂತ ಗೊತ್ತಾಗಲಿಲ್ಲ, ಎಲ್ಲಿ ನಂಬಿಕೆ ತಪ್ಪಿತು, ಅದನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ಲೇಖಕರಿಗೆ ಒಂದು ಪತ್ರ. ಅದು ಹತ್ತು ಪುಟ ಆದರೂ ಆಗಬಹುದು. ಏನು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ, ಎಲ್ಲಿ ಕಾಲು ಜಾರಿದೆ. ಹೇಗೆ ಸರಿ ಮಾಡಬೇಕು ಅಂತ ಹೇಳುವುದು ಕಡಿಮೆ, ಪ್ರಶ್ನೆ ಜಾಸ್ತಿ. ಲೇಖಕರು ಅದನ್ನು ಓದಿ, ಎರಡು ದಿನ ಸಿಟ್ಟು ಮಾಡಿಕೊಂಡು, ಮತ್ತೆ ಬರೆಯುತ್ತಾರೆ. ಆಮೇಲೆ ವಾಕ್ಯ ನೋಡುವ ಸರದಿ. ಅದಾದ ಮೇಲೆ ಕಾಪಿ ಎಡಿಟಿಂಗ್, ಅಂದರೆ ವ್ಯಾಕರಣ, ಕಾಗುಣಿತ, ಹೆಸರುಗಳು ಎಲ್ಲ ಕಡೆ ಒಂದೇ ಥರ ಇವೆಯಾ ಅಂತ ನೋಡುವುದು. ನೀನು ಈಗ ಮಾಡುವ ಪ್ರೂಫ್ ಕೆಲಸ ಎಲ್ಲಕ್ಕಿಂತ ಕೊನೆಯದು.

ನಮ್ಮ ಬಗೆಯ ಪುಸ್ತಕದಲ್ಲಿ ಒಂದು ವಿಶೇಷ ಇದೆ. ಸಾಮಾಜಿಕ ಕಾದಂಬರಿಯಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸು ಹೊರಟಿತು ಅಂದರೆ ಸಾಕು, ಉಳಿದದ್ದು ಓದುಗರಿಗೆ ಗೊತ್ತು. ಫ್ಯಾಂಟಸಿಯಲ್ಲಿ ಆ ಊರೂ ಇಲ್ಲ, ಬಸ್ಸೂ ಇಲ್ಲ. ದಾರಿ ಎಷ್ಟು ದೂರ, ನದಿ ಯಾವ ಕಡೆ ಹರಿಯುತ್ತದೆ, ಮಂತ್ರ ಹಾಕಿದವರಿಗೆ ಏನು ನಷ್ಟ, ಎಲ್ಲವನ್ನೂ ಲೇಖಕರೇ ಮಾಡಿದ್ದು. ಆ ನಿಯಮ ಮುರಿದಾಗ ಲೇಖಕರಿಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಅವರ ತಲೆಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಹೀಗಾಗಿ ಎಡಿಟರ್ ಆ ಲೋಕವನ್ನು ಲೇಖಕರಿಗಿಂತ ಗಟ್ಟಿಯಾಗಿ ನಂಬಬೇಕು. ನನ್ನ ಪ್ರಕಾರ ಈ ಉದ್ಯೋಗದ ಜೀವ ಇರುವುದೇ ಇಲ್ಲಿ. ನಾನು ಪ್ರತಿ ಪುಸ್ತಕಕ್ಕೂ ಒಂದು ಸ್ಟೈಲ್ ಶೀಟ್ ಮಾಡುತ್ತೇನೆ. ಹೆಸರುಗಳು, ಅವುಗಳ ಕಾಗುಣಿತ, ಯಾರಿಗೆ ಎಷ್ಟು ವಯಸ್ಸು, ಯಾವ ಹುಣ್ಣಿಮೆಯಂದು ಏನಾಯಿತು, ಯಾರ ಕತ್ತಿ ಯಾರ ಹತ್ತಿರ ಇದೆ, ಎಲ್ಲ ಅದರಲ್ಲಿ. ಮೂರು ಭಾಗದ ಕಾದಂಬರಿ ಆದರೆ ಈ ಹಾಳೆಯೇ ಒಂದು ಸಣ್ಣ ಪುಸ್ತಕ ಆಗುತ್ತದೆ.

ಉದ್ಯೋಗದ ದಾರಿ ಹೇಗಿರುತ್ತದೆ ಅಂದರೆ, ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಜೂಡಿ-ಲಿನ್ ಡೆಲ್ ರೇ ಅಂತ, ನ್ಯೂಯಾರ್ಕಿನವರು. ಹುಟ್ಟಿನಿಂದ ದೇಹದ ಬೆಳವಣಿಗೆ ಕುಂಠಿತವಾಗಿತ್ತು, ತೀರಾ ಗಿಡ್ಡ ಇದ್ದರು. 1965ರಲ್ಲಿ 'ಗ್ಯಾಲಕ್ಸಿ' ಅನ್ನುವ ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ಸಹಾಯಕಿಯಾಗಿ ಸೇರಿದರು. ಅಲ್ಲೇ ಕೆಲಸ ಕಲಿತರು. 1973ರಲ್ಲಿ ಬ್ಯಾಲಂಟೈನ್ ಪ್ರಕಾಶನಕ್ಕೆ ಹೋದರು. 1977ಕ್ಕೆ ಅವರ ಹೆಸರಿನಲ್ಲೇ 'ಡೆಲ್ ರೇ ಬುಕ್ಸ್' ಶುರುವಾಯಿತು. ಫ್ಯಾಂಟಸಿ ಭಾಗವನ್ನು ಗಂಡ ಲೆಸ್ಟರ್ ಡೆಲ್ ರೇ ನೋಡಿಕೊಂಡರು. 'ಸ್ಟಾರ್ ವಾರ್ಸ್' ಸಿನಿಮಾ ತೆರೆಗೆ ಬರುವ ಮೊದಲೇ, ಅದು ಓಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲದಾಗಲೇ, ಅದರ ಕಾದಂಬರಿಯನ್ನು ತರಲು ಒಪ್ಪಿದವರು ಜೂಡಿ-ಲಿನ್. 1986ರಲ್ಲಿ, ಇನ್ನೂ 43 ವಯಸ್ಸು, ತೀರಿಕೊಂಡರು. ಆ ವರ್ಷ ಅವರಿಗೆ ಹ್ಯೂಗೋ ಪ್ರಶಸ್ತಿ ಘೋಷಣೆ ಆಯಿತು, ವಿಜ್ಞಾನ ಕಥೆ, ಫ್ಯಾಂಟಸಿ ಲೋಕದ ದೊಡ್ಡ ಪ್ರಶಸ್ತಿ ಅದು. ಬದುಕಿದ್ದಾಗ ಕೊಡಲಿಲ್ಲ, ಈಗ ಬೇಡ ಅಂತ ಗಂಡ ಅದನ್ನು ತೆಗೆದುಕೊಳ್ಳಲಿಲ್ಲ. ನನಗೆ ಅವರ ನಿಲುವು ಸರಿ ಅನ್ನಿಸುತ್ತದೆ.

ನೀನು ಪ್ರೂಫ್‌ನಿಂದ ಶುರು ಮಾಡಿದ್ದು ಕಡಿಮೆ ಏನಲ್ಲ. ಹೆಚ್ಚಿನವರು ಇಂಥ ಬಾಗಿಲಿನಿಂದಲೇ ಒಳಗೆ ಬಂದವರು.

ಕೋಟೆ ರಸ್ತೆ ಓದುಗಿ, ಬಳ್ಳಾರಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಸ್ಟೈಲ್ ಶೀಟ್ ಬಗ್ಗೆ ಯಾರೂ ಹೇಳಿರಲಿಲ್ಲ. ಒಂದು ಸಂಶಯ. ವಿಜ್ಞಾನ ಕಥೆ ಎಡಿಟ್ ಮಾಡಲು ಬಿ.ಎಸ್ಸಿ. ಆಗಿರಬೇಕಾ? ನಾನು ಪಿಯುಸಿಯಿಂದಲೇ ಆರ್ಟ್ಸ್.

ವಿಜ್ಞಾನ ಮೇಷ್ಟ್ರು, ಕೊಪ್ಪಳ

ಬೇಕಿಲ್ಲಮ್ಮ. ಹೈಸ್ಕೂಲು ವಿಜ್ಞಾನ ಗಟ್ಟಿಯಾಗಿದ್ದರೆ ಮುಕ್ಕಾಲು ಪಾಲು ತಪ್ಪು ಹಿಡಿಯಬಹುದು. ಮಕ್ಕಳು ನನಗೆ ಕಥೆ ಬರೆದು ತಂದು ಕೊಡುತ್ತಾರೆ. ಮಂಗಳ ಗ್ರಹದಿಂದ ಮಗ ಫೋನ್ ಮಾಡುತ್ತಾನೆ, ಇಲ್ಲಿ ಅಮ್ಮ ತಕ್ಷಣ ಉತ್ತರ ಕೊಡುತ್ತಾಳೆ. ಹಾಗೆ ಆಗುವುದಿಲ್ಲ. ಮಂಗಳ ಹತ್ತಿರ ಇದ್ದಾಗ ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಸುಮಾರು 3 ನಿಮಿಷ, ದೂರ ಇದ್ದಾಗ ಸುಮಾರು 22 ನಿಮಿಷ. ರೇಡಿಯೋ ಸಂದೇಶಕ್ಕೂ ಅಷ್ಟೇ ಸಮಯ. "ಊಟ ಆಯ್ತಾ?" ಅಂತ ಕೇಳಿ ಉತ್ತರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರಬಹುದು. ಚಂದ್ರನಾದರೆ ಪರವಾಗಿಲ್ಲ, ಒಂದು ಕಡೆಗೆ 1.3 ಸೆಕೆಂಡ್.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಈ ತಪ್ಪನ್ನು ಅಳಿಸಬೇಡ, ಕಥೆಯೊಳಗೆ ತಾ. ಅಮ್ಮ ಪ್ರಶ್ನೆ ಕೇಳಿ ಮುಕ್ಕಾಲು ಗಂಟೆ ಕಾಯುತ್ತಾಳೆ ಅನ್ನು. ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಒಬ್ಬ ಹುಡುಗಿ ಹಾಗೇ ಬರೆದು ತಂದಳು. ಓದಿ ನನ್ನ ಕಣ್ಣು ತುಂಬಿತು.

ಲೆಕ್ಕ ಗೊತ್ತಿಲ್ಲದಿದ್ದರೆ ಕೇಳಬೇಕು. ಕೇಳಲು ಊರಿಗೊಬ್ಬ ಮೇಷ್ಟ್ರು ಇದ್ದೇ ಇರುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಹಳೆಯ ಸಂಚಿಕೆಗಳು ಸಿಕ್ಕರೆ ಓದು. ವಿಜ್ಞಾನವನ್ನು ಸರಳ ಕನ್ನಡದಲ್ಲಿ ಹೇಗೆ ಹೇಳಬೇಕು ಅಂತ ಅಲ್ಲಿ ಕಲಿಯಬಹುದು.

ಕರಡು ಅಕ್ಕ, ರಾಯಚೂರು

ಸರ್, ನೀವು ಮಾಡುತ್ತಿರುವುದೇ ಒಳ್ಳೆಯ ಎಡಿಟಿಂಗ್. ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರ, ರೋಬಾಟ್ ಮನುಷ್ಯರಿಗೆ ಕೆಡುಕು ಮಾಡಬಾರದು ಅಂತ ಶುರುವಾಗುವ, ರೋಬಾಟ್‌ಗಳ ಮೂರು ನಿಯಮ ಎಲ್ಲರಿಗೂ ಗೊತ್ತು. ಅವನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ತಮ್ಮ ಎಡಿಟರ್ ಜಾನ್ ಕ್ಯಾಂಪ್‌ಬೆಲ್ ಅಂತ ಅಸಿಮೋವ್ ಅವರೇ ಬರೆದಿದ್ದಾರೆ. 1940ರ ಡಿಸೆಂಬರ್‌ನ ಮಾತುಕತೆ ಅದು. ಕ್ಯಾಂಪ್‌ಬೆಲ್ ಮಾತ್ರ, ಆ ನಿಯಮಗಳು ನಿನ್ನ ಕಥೆಯೊಳಗೆ ಮೊದಲೇ ಇದ್ದವು, ನಾನು ಹೆಕ್ಕಿ ತೆಗೆದೆ ಅಷ್ಟೇ ಅನ್ನುತ್ತಿದ್ದರಂತೆ. ಲೇಖಕರ ಕಥೆಯಲ್ಲಿ ಅಡಗಿರುವ ನಿಯಮ ಕಂಡುಹಿಡಿದು ಅವರ ಕೈಗೇ ಕೊಡುವುದು. ಇದಕ್ಕಿಂತ ದೊಡ್ಡ ಕೆಲಸ ಎಡಿಟರ್‌ಗೆ ಇನ್ನೊಂದಿಲ್ಲ.

ಮೊರೇರ ಗುಡ್ಡ, ಗಂಗಾವತಿ

ಎಲ್ಲರೂ ಎಡಿಟರ್‌ಗಳನ್ನು ಹೊಗಳುತ್ತಿದ್ದೀರಿ. ನಾನು ಬರೆಯುವ ಕಡೆಯವನು, ನನ್ನದೂ ಸ್ವಲ್ಪ ಕೇಳಿ.

ನಮ್ಮ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆಗಳಿವೆ. ನಾನೂರಕ್ಕೂ ಜಾಸ್ತಿ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಗುಂಡನೆಯ ಕಿಂಡಿ. ಅಲ್ಲಿ ಗಿಡ್ಡ ಮನುಷ್ಯರು, ಮೊರೇರು, ಇದ್ದರು ಅಂತ ಊರಿನವರು ಹೇಳುತ್ತಾರೆ. ನಗಾರಿಯಂಥ ಒಂದು ಬಂಡೆಯೂ ಇದೆ, ಹೊಡೆದರೆ ದೂರದವರೆಗೆ ಕೇಳುತ್ತದೆ. ಅದನ್ನೆಲ್ಲ ಇಟ್ಟುಕೊಂಡು ಫ್ಯಾಂಟಸಿ ಕಾದಂಬರಿ ಬರೆದಿದ್ದೇನೆ. ಮೊರೇರು ನಮ್ಮ ಕಡೆಯ ಕನ್ನಡ ಮಾತಾಡುತ್ತಾರೆ. "ಯಾಕ ಬಂದಿ?" "ಹೋಗೂಣು ನಡಿ" ಅನ್ನುತ್ತಾರೆ.

ಒಂದು ಪ್ರಕಾಶನಕ್ಕೆ ಕಳಿಸಿದೆ. ಹೆಸರು ಬೇಡ. ಅವರ ಎಡಿಟರ್ ಎಲ್ಲ ಮಾತನ್ನೂ ಗ್ರಂಥದ ಕನ್ನಡಕ್ಕೆ ತಿರುಗಿಸಿ ವಾಪಸ್ ಕಳಿಸಿದರು. "ಪ್ರಾಚೀನ ಜನ ಹೀಗೆ ಮಾತಾಡಿದರೆ ಗಾಂಭೀರ್ಯ ಇರುವುದಿಲ್ಲ" ಅಂತ ಬದಿಯಲ್ಲಿ ಬರೆದಿದ್ದರು. ಒಪ್ಪದೆ ಹಸ್ತಪ್ರತಿ ತಗೊಂಡು ಬಂದೆ. ಅದು ಇನ್ನೂ ಮನೆಯಲ್ಲೇ ಇದೆ.

ತಂಗೀ, ನೀವು ಎಡಿಟರ್ ಆದರೆ ಏನು ಮಾಡುತ್ತಿದ್ದಿರಿ?

ಸೋನಾ ಮಸೂರಿ, ಸಿಂಧನೂರು

ಅಣ್ಣಾ, ಮೈಸೂರು ಕಡೆಯವರಿಗೂ ಅರ್ಥ ಆಗಬೇಕಲ್ವಾ? ಇಡೀ ಪುಸ್ತಕ ಹಾಗೇ ಇದ್ದರೆ ಓದುವುದು ಕಷ್ಟ.

ಕೋಟೆ ರಸ್ತೆ ಓದುಗಿ, ಬಳ್ಳಾರಿ

ಅಣ್ಣಾ, ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ. ಮೊರೇರೆಲ್ಲರೂ ಒಂದೇ ಥರ ಮಾತಾಡುತ್ತಾರಾ? ಮುದುಕಿ, ಹುಡುಗ, ಪೂಜಾರಿ, ಹೊರಗಿನಿಂದ ಬಂದ ವ್ಯಾಪಾರಿ, ಎಲ್ಲರದೂ ಅದೇ ಮಾತಾ? ಕಥೆ ಹೇಳುವ ದನಿ ಯಾವುದು? ಉತ್ತರ ಸಿಗುವ ತನಕ ಒಂದು ಪದವನ್ನೂ ಮುಟ್ಟುತ್ತಿರಲಿಲ್ಲ.

ಗಾಂಭೀರ್ಯದ ಮಾತು ನನಗೂ ಒಪ್ಪಿಗೆ ಇಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಬುರ್ರಕಥೆಯಲ್ಲಿ ಹನ್ನೆರಡು ಮಹಾಕಾವ್ಯ ಹಾಡುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ, ಎಲ್ಲ ನೆನಪಿನಲ್ಲೇ. ಅವುಗಳಲ್ಲಿ ಕೆಲವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪುಸ್ತಕ ಮಾಡಿದೆ. ರಾಜ, ರಾಣಿ, ಮಾಯೆ, ಯುದ್ಧ ಎಲ್ಲ ನಮ್ಮ ಮಾತಿನಲ್ಲೇ ಬಂದಿದೆಯಲ್ಲ.

ಕರಡು ಅಕ್ಕ, ರಾಯಚೂರು

ತಂಗಿ ಹೇಳಿದ್ದು ಸರಿಯಾಗಿದೆ. ಇದನ್ನು ಸ್ವಲ್ಪ ಮುಂದುವರಿಸುತ್ತೇನೆ, ಯಾಕೆಂದರೆ ಇದು ಭಾಷೆಯ ವಿಷಯ ಅಷ್ಟೇ ಅಲ್ಲ.

ಎಡಿಟರ್ ಕೈಯಲ್ಲಿ ಬಾಗಿಲಿನ ಕೀಲಿ ಇರುತ್ತದೆ. ಮೇಲೆ ಹೇಳಿದ ಕ್ಯಾಂಪ್‌ಬೆಲ್ ಅವರನ್ನೇ ನೋಡಿ. 1937ರ ಕೊನೆಯಿಂದ 1971ರಲ್ಲಿ ಸಾಯುವ ತನಕ ಒಂದೇ ಪತ್ರಿಕೆಯ ಸಂಪಾದಕರಾಗಿದ್ದರು. ಆ ಕಾಲದ ದೊಡ್ಡ ಲೇಖಕರನ್ನು ಬೆಳೆಸಿದರು. ಆದರೆ ಜನಾಂಗದ ವಿಷಯದಲ್ಲಿ ಅವರ ವಿಚಾರಗಳು ಕೆಟ್ಟದಾಗಿದ್ದವು. ಸ್ಯಾಮುಯೆಲ್ ಡಿಲೇನಿ ಅನ್ನುವ ಕಪ್ಪು ಜನಾಂಗದ ಲೇಖಕರ ಕಾದಂಬರಿಯನ್ನು ಅವರು ಧಾರಾವಾಹಿಯಾಗಿ ಹಾಕಲಿಲ್ಲ. ಕಪ್ಪು ನಾಯಕನನ್ನು ನಮ್ಮ ಓದುಗರು ಒಪ್ಪುವುದಿಲ್ಲ ಅನ್ನುವ ಕಾರಣ ಕೊಟ್ಟರು ಅಂತ ಡಿಲೇನಿ ಬರೆದಿದ್ದಾರೆ. ಹೊಸ ಲೇಖಕರಿಗೆ ಕೊಡುವ ಒಂದು ಪ್ರಶಸ್ತಿಗೆ ಕ್ಯಾಂಪ್‌ಬೆಲ್ ಹೆಸರಿತ್ತು. 2019ರಲ್ಲಿ ಅದನ್ನು ಪಡೆದ ಜೆನೆಟ್ ಎಂಗ್ ವೇದಿಕೆಯ ಮೇಲೆ ನಿಂತೇ ಆ ಹೆಸರನ್ನು ಪ್ರಶ್ನಿಸಿದರು. ಅದೇ ತಿಂಗಳು ಪ್ರಶಸ್ತಿಯ ಹೆಸರು ಬದಲಾಯಿತು.

"ಓದುಗರು ಒಪ್ಪುವುದಿಲ್ಲ" ಅನ್ನುವ ಮಾತು ಬಂದಾಗ ನಾನು ಎಚ್ಚರ ಆಗುತ್ತೇನೆ. ಹೆಚ್ಚಿನ ಸಲ ಅದು ಹೇಳುವವರದೇ ಅಭಿಪ್ರಾಯ ಆಗಿರುತ್ತದೆ. ಕುಂವೀ (ಕುಂ. ವೀರಭದ್ರಪ್ಪ) ಅವರ ಕಥೆಗಳಲ್ಲಿ ನಮ್ಮ ಸೀಮೆಯ ಮಾತು ತುಂಬಿದೆ, ನಾಡಿನವರೆಲ್ಲ ಓದಿದ್ದಾರೆ. ಸಿಂಧನೂರು ಅಣ್ಣನವರ ಕಾಳಜಿಗೂ ಉತ್ತರ ಇದೆ. ಕಥೆ ಹೇಳುವ ದನಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಇರಲಿ, ಮಾತುಕತೆ ಮಾತ್ರ ಮೊರೇರ ಬಾಯಿಂದ ಬರಲಿ. ಹತ್ತು ಪುಟ ದಾಟುವಷ್ಟರಲ್ಲಿ ಓದುಗರ ಕಿವಿ ಒಗ್ಗುತ್ತದೆ.

ಗಂಗಾವತಿ ಅಣ್ಣಾ, ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' ಅನ್ನುವ ವಿಜ್ಞಾನ ಕಾದಂಬರಿಯನ್ನು ಇಪ್ಪತ್ತಕ್ಕೂ ಜಾಸ್ತಿ ಪ್ರಕಾಶಕರು ಬೇಡ ಅಂದಿದ್ದರು. ಕೊನೆಗೆ 1965ರಲ್ಲಿ ಅದನ್ನು ಅಚ್ಚು ಹಾಕಿದ್ದು ಚಿಲ್ಟನ್ ಅನ್ನುವ ಕಂಪನಿ. ಅವರು ಹೆಸರು ಮಾಡಿದ್ದು ಮೋಟಾರು ರಿಪೇರಿ ಪುಸ್ತಕಗಳಿಂದ! ಅಲ್ಲಿದ್ದ ಸ್ಟರ್ಲಿಂಗ್ ಲೇನಿಯರ್ ಅನ್ನುವ ಒಬ್ಬ ಎಡಿಟರ್ ಪತ್ರಿಕೆಯಲ್ಲಿ ಬಂದ ಧಾರಾವಾಹಿ ಓದಿ ಇದನ್ನು ಪುಸ್ತಕ ಮಾಡಲೇಬೇಕು ಅಂತ ಹಟ ಹಿಡಿದರು. ಶುರುವಿನಲ್ಲಿ ಮಾರಾಟ ಚೆನ್ನಾಗಿರಲಿಲ್ಲ. ಈಗ ಆ ಪುಸ್ತಕ ಎಲ್ಲಿದೆ ನೋಡಿ.

ನುಡಿ ಕೀಲಿಮಣೆ, ಹೊಸಪೇಟೆ

ನಾನು ಪುಟ ಕಟ್ಟುವವನು. ಪೇಜ್‌ಮೇಕರ್ ಅನ್ನುವ ಹಳೆಯ ಸಾಫ್ಟ್‌ವೇರ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಒಂದು ಪ್ರಾಕ್ಟಿಕಲ್ ವಿಷಯ ಹೇಳಬೇಕು.

ನಮ್ಮ ಲೇಖಕರು ಇನ್ನೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ಕೊಡುತ್ತಾರೆ. ಅದನ್ನು ಎಲ್ಲ ಕಂಪ್ಯೂಟರ್‌ನಲ್ಲೂ ಓದಬಹುದಾದ ಯುನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಸಾಮಾನ್ಯ ಪದ ಆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಫ್ಯಾಂಟಸಿಯಲ್ಲಿ ಹೆಸರುಗಳೇ ಹೊಸದು. 'ಝರ್ಮಿಕ' ಸರಿಯೋ, 'ಝಮ್ರಿಕ' ಸರಿಯೋ ಯಾರಿಗೆ ಗೊತ್ತು? ಕಂಪ್ಯೂಟರ್‌ಗೂ ಗೊತ್ತಿಲ್ಲ. ಒಂದು ಕಾದಂಬರಿಯಲ್ಲಿ ಒಬ್ಬಳೇ ರಾಣಿಗೆ ಮೂರು ಕಾಗುಣಿತ ಬಂದಿತ್ತು. ಓದಿದವರು ಮೂವರು ರಾಣಿಯರಿದ್ದಾರೆ ಅಂದುಕೊಳ್ಳುತ್ತಿದ್ದರು. ಅಕ್ಕ ಹೇಳಿದ ಹೆಸರಿನ ಪಟ್ಟಿ ಹಸ್ತಪ್ರತಿಯ ಜೊತೆಗೇ ನಮಗೆ ಕೊಡಿ. ನಮ್ಮ ಅರ್ಧ ಕೆಲಸ ಉಳಿಯುತ್ತದೆ.

ತಂಗಿ ಪ್ರೂಫ್ ನೋಡುವವರು ಆಗಿದ್ದರಿಂದ ಇದು ಅವರಿಗೆ ಬೇಗ ಅರ್ಥ ಆಗುತ್ತದೆ. ಬೆಂಗಳೂರಿನಲ್ಲಿ ಡಿಗ್ರಿ ಮಾಡಿ ನೇರ ಎಡಿಟರ್ ಆದವರಿಗೆ ಪುಟ ಹೇಗೆ ಕಟ್ಟುತ್ತೇವೆ ಗೊತ್ತಿರುವುದಿಲ್ಲ. ಎಲ್ಲ ಪುಟ ಕಟ್ಟಿದ ಮೇಲೆ ಒಂದು ಪ್ಯಾರಾ ಸೇರಿಸಿ ಅಂತಾರೆ. ಕೊನೆಯ ಫಾರಂನಲ್ಲಿ (ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಎರಡು ಪುಟ ಉಳಿದಿದ್ದರೆ ಸರಿ, ಇಲ್ಲಾಂದರೆ ಇನ್ನೊಂದು ಫಾರಂ ಖರ್ಚು.

ಕೋಟೆ ರಸ್ತೆ ಓದುಗಿ, ಬಳ್ಳಾರಿ

ಅಣ್ಣಾ, ನಮ್ಮ ಸೆಂಟರ್‌ನಲ್ಲೂ ದಿನಾ ಇದೇ ಪಾಡು. ಈಗ ಕಷ್ಟದ ಪ್ರಶ್ನೆ. ದುಡ್ಡು? ಮತ್ತೆ ಬೆಂಗಳೂರು?

ಕರಡು ಅಕ್ಕ, ರಾಯಚೂರು

ಮುಚ್ಚಿಡದೆ ಹೇಳುತ್ತೇನೆ. ಕನ್ನಡದಲ್ಲಿ ಬರೀ ವಿಜ್ಞಾನ ಕಥೆ, ಫ್ಯಾಂಟಸಿ ಎಡಿಟ್ ಮಾಡಿ ಮನೆ ನಡೆಸುವುದು ಇವತ್ತಿಗೆ ಆಗುವುದಿಲ್ಲ. ಹೆಚ್ಚಿನ ಪ್ರಕಾಶನಗಳಲ್ಲಿ ಪ್ರಕಾಶಕರೇ ಎಡಿಟರ್, ಅವರೇ ಪ್ಯಾಕಿಂಗ್ ಮಾಡುವವರು. ಎಡಿಟಿಂಗ್‌ಗೆ ಅಂತ ಬೇರೆ ದುಡ್ಡು ತೆಗೆದಿಡುವುದು ಕಡಿಮೆ. ನಾನು ಇಂಗ್ಲಿಷ್ ಕೆಲಸ, ಅನುವಾದ, ಪಠ್ಯಪುಸ್ತಕ ಎಲ್ಲ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಪದದ ಲೆಕ್ಕ, ಕನ್ನಡದಲ್ಲಿ ಪುಟದ ಲೆಕ್ಕ. ಆ ದುಡಿಮೆಯ ಮೇಲೆ ನನಗೆ ಇಷ್ಟವಾದ ಕನ್ನಡ ಪುಸ್ತಕ ತಗೊಳ್ಳುತ್ತೇನೆ. ಸಿಂಧನೂರು ಅಣ್ಣನವರ ಮಾತನ್ನು ತಳ್ಳಿಹಾಕಬೇಡ. ಟೀಚರ್ ಆಗಿದ್ದುಕೊಂಡು ಎಡಿಟರ್ ಆಗುವುದು ಕಡಿಮೆ ದಾರಿ ಅಲ್ಲ.

ಕೆಲಸ ಒಪ್ಪಿಕೊಳ್ಳುವಾಗ ಕಾಗದದ ಮೇಲೆ ಬರೆದುಕೊಳ್ಳಬೇಕು. ಎಷ್ಟು ಸಲ ಓದುತ್ತೀಯ, ಯಾವ ಹಂತದ ಎಡಿಟಿಂಗ್, ದುಡ್ಡು ಯಾವಾಗ. ಅರ್ಧ ಮುಂಗಡ ಕೇಳು, ನಾಚಿಕೆ ಬೇಡ. ಮೊದಲು ಒಂದು ಹತ್ತು ಪುಟ ಸ್ಯಾಂಪಲ್ ಮಾಡಿಕೊಡು. ಲೇಖಕರಿಗೆ ನಿನ್ನ ಕೈ ಗೊತ್ತಾಗುತ್ತದೆ, ನಿನಗೂ ಅವರ ಸ್ವಭಾವ ಗೊತ್ತಾಗುತ್ತದೆ. ಪುಸ್ತಕದೊಳಗೆ ನಿನ್ನ ಹೆಸರು ಬರಬೇಕು ಅಂತಲೂ ಮೊದಲೇ ಹೇಳು.

ಬೆಂಗಳೂರು ಒಂದೆರಡು ವರ್ಷಕ್ಕೆ ಒಳ್ಳೆಯದು. ಹತ್ತು ಜನ ಎಡಿಟರ್‌ಗಳ ಜೊತೆ ಕೂತು ಕಲಿಯುವುದು ಬೇರೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಆದರೆ ಅಲ್ಲೇ ಇರಬೇಕು ಅಂತ ಏನೂ ಇಲ್ಲ. ಕನ್ನಡದ ದೊಡ್ಡ ಪುಸ್ತಕಗಳು ಎಲ್ಲಿಂದ ಬಂದವು? ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದ್ದು ಧಾರವಾಡದಲ್ಲಿ. ಅಲ್ಲಿ ಹಸ್ತಪ್ರತಿ ಓದಿ ಸಲಹೆ ಕೊಡುತ್ತಿದ್ದವರು ಕೀರ್ತಿನಾಥ ಕುರ್ತಕೋಟಿಯವರು. ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಇರುವುದು ಹೆಗ್ಗೋಡಿನಲ್ಲಿ, ಅದೊಂದು ಹಳ್ಳಿ. ನಿಮ್ಮ ಬಳ್ಳಾರಿಯಲ್ಲೇ ಲೋಹಿಯಾ ಪ್ರಕಾಶನ ಇದೆ. ಒಳ್ಳೆಯ ಓದುಗರು ಒಬ್ಬರು ಎಲ್ಲಿ ಕೂತಿರುತ್ತಾರೋ ಅಲ್ಲಿ ಪ್ರಕಾಶನ ಬೆಳೆದಿದೆ.

ಕನ್ನಡದಲ್ಲಿ ಜಾಗ ಇದೆಯಾ ಅಂದಿ. ಬರೆದವರು ಇದ್ದಾರೆ. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳನ್ನು ಬರೆದರು. ಆದರೆ ಈ ಬಗೆಯ ಕಥೆಗಳನ್ನೇ ನೋಡಿಕೊಳ್ಳುವ ಸಂಪಾದಕರು ನಮಗೆ ಸಿಗಲಿಲ್ಲ. ಬಂಗಾಳಿಯಲ್ಲಿ ಸಿಕ್ಕರು. ಅದ್ರೀಶ್ ಬರ್ಧನ್ 1963ರಲ್ಲಿ ಕೋಲ್ಕತ್ತಾದಲ್ಲಿ 'ಆಶ್ಚರ್ಯ' ಅನ್ನುವ ಪತ್ರಿಕೆ ಶುರು ಮಾಡಿದರು, ವಿಜ್ಞಾನ ಕಥೆಗಾಗಿಯೇ. ಬೇರೆ ಹೆಸರಿಟ್ಟುಕೊಂಡು ಸಂಪಾದಕರಾಗಿ ಕೆಲಸ ಮಾಡಿದರು. ಸತ್ಯಜಿತ್ ರೇ ಅಂಥವರೂ ಅವರ ಜೊತೆಗೆ ನಿಂತರು. ಮರಾಠಿಯಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾ ಸ್ಪರ್ಧೆ ನಡೆಸಿತು. ಖಗೋಳ ವಿಜ್ಞಾನಿ ಜಯಂತ ನಾರ್ಳಿಕರ್ 1974ರಲ್ಲಿ ಬೇರೆ ಹೆಸರಿನಲ್ಲಿ ಅದಕ್ಕೆ ಕಥೆ ಕಳಿಸಿ ಬಹುಮಾನ ಪಡೆದರು. ಆಮೇಲೆ ಮರಾಠಿಯ ದೊಡ್ಡ ವಿಜ್ಞಾನ ಕಥೆಗಾರರಾದರು. ಕೇಳುವವರು ಇದ್ದರೆ ಬರೆಯುವವರು ಬರುತ್ತಾರೆ, ತಂಗೀ. ಆ ಕೇಳುವ ಕೆಲಸ ಬಳ್ಳಾರಿಯಿಂದ ಯಾಕೆ ಆಗಬಾರದು?

ವಿಜ್ಞಾನ ಮೇಷ್ಟ್ರು, ಕೊಪ್ಪಳ

ಮೇಡಂ, ಈಗ ಮಕ್ಕಳು ಎಐಗೆ ಹೇಳಿ ಕಥೆ ಬರೆಸುತ್ತಾರೆ. ಎಡಿಟಿಂಗ್ ಕೂಡ ಅದೇ ಮಾಡುತ್ತದೆ ಅಂತಾರೆ. ಈ ಹುಡುಗಿ ಈಗ ಈ ದಾರಿ ಹಿಡಿಯುವುದು ಸರಿಯಾ? ಚಿಂತೆಯಿಂದಲೇ ಕೇಳುತ್ತಿದ್ದೇನೆ.

ಕರಡು ಅಕ್ಕ, ರಾಯಚೂರು

ಸರ್, ಆ ಚಿಂತೆ ನನಗೂ ಇದೆ. ಅಮೆರಿಕದ 'ಕ್ಲಾರ್ಕ್ಸ್‌ವರ್ಲ್ಡ್' ಪತ್ರಿಕೆಗೆ 2023ರ ಫೆಬ್ರುವರಿಯಲ್ಲಿ ಯಂತ್ರ ಬರೆದ ಕಥೆಗಳು ಎಷ್ಟು ಬಂದವು ಅಂದರೆ, ಸಂಪಾದಕ ನೀಲ್ ಕ್ಲಾರ್ಕ್ ಕೆಲವು ವಾರ ಕಥೆ ತಗೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಕಾಗುಣಿತ, ವ್ಯಾಕರಣ ತಿದ್ದುವ ಕೆಲಸದ ದುಡ್ಡು ಕಡಿಮೆಯಾಗುತ್ತಿದೆ, ಇದು ನಿಜ. ಆದರೆ ಸಾವಿರ ಕಥೆಯಲ್ಲಿ ಒಂದನ್ನು ಆರಿಸಿ, ಇದು ನನ್ನ ಹೆಸರಿನ ಮೇಲೆ ಹೋಗಲಿ ಅಂತ ಹೇಳುವವರು ಬೇಕೇ ಬೇಕು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಚೀನಾದ ಲಿಯು ಸಿಶಿನ್ ಅವರ 'ಥ್ರೀ ಬಾಡಿ ಪ್ರಾಬ್ಲಂ' 2006ರಲ್ಲಿ ಪತ್ರಿಕೆಯಲ್ಲಿ ಬಂದಾಗ ಮಾವೋ ಆಡಳಿತದ ಸಾಂಸ್ಕೃತಿಕ ಕ್ರಾಂತಿಯ ಕಾಲದ ಘಟನೆಗಳಿಂದ ಶುರುವಾಗಿತ್ತು. ಚೀನೀ ಭಾಷೆಯಲ್ಲಿ ಪುಸ್ತಕ ಮಾಡುವಾಗ ಆ ಅಧ್ಯಾಯಗಳನ್ನು ಮಧ್ಯಕ್ಕೆ ಸರಿಸಿದರು. 2014ರ ಇಂಗ್ಲಿಷ್ ಅನುವಾದದಲ್ಲಿ ಕೆನ್ ಲಿಯು ಅವನ್ನು ಲೇಖಕರ ಒಪ್ಪಿಗೆಯಿಂದ ಮತ್ತೆ ಶುರುವಿಗೆ ತಂದರು. ಮರುವರ್ಷ ಅದಕ್ಕೆ ಹ್ಯೂಗೋ ಬಂತು. ಯಾವ ಅಧ್ಯಾಯ ಎಲ್ಲಿ ಇರಬೇಕು, ಎಲ್ಲಿ ಇಟ್ಟರೆ ಯಾರಿಗೆ ಕಷ್ಟ, ಯಾರಿಗೆ ಏನು ತಿಳಿಯುತ್ತದೆ ಅಂತ ಕೂತು ಯೋಚನೆ ಮಾಡುವುದು ಮನುಷ್ಯರ ಕೆಲಸ. ನಾನು ಹಾಗೇ ನಂಬಿ ಈ ಕೆಲಸದಲ್ಲಿದ್ದೇನೆ.

ಇನ್ನು ಕಲಿಯಲು ಜಾಗ. 'ಸ್ಟ್ರೇಂಜ್ ಹೊರೈಜನ್ಸ್' ಅನ್ನುವ ಇಂಗ್ಲಿಷ್ ಆನ್‌ಲೈನ್ ಪತ್ರಿಕೆ 2000ದಿಂದ ಸ್ವಯಂಸೇವಕರಿಂದಲೇ ನಡೆಯುತ್ತಿದೆ. ಇಂಥ ಪತ್ರಿಕೆಗಳಿಗೆ ಬಂದ ಕಥೆಗಳನ್ನು ಮೊದಲು ಓದುವವರು ಬೇಕಾಗುತ್ತಾರೆ. ಕರೆ ಬಂದಾಗ ಅರ್ಜಿ ಹಾಕು. ದುಡ್ಡು ಸಿಗುವುದಿಲ್ಲ. ಆದರೆ ಕಥೆ ಯಾಕೆ ಬಿದ್ದುಹೋಗುತ್ತದೆ ಅಂತ ಅಲ್ಲಿ ಕಲಿತಷ್ಟು ಬೇರೆ ಎಲ್ಲೂ ಕಲಿಯುವುದಿಲ್ಲ.

ಮೊರೇರ ಗುಡ್ಡ, ಗಂಗಾವತಿ

ಬಳ್ಳಾರಿ ತಂಗೀ, ನಿಮ್ಮ ಪ್ರಶ್ನೆಗಳು ನನಗೆ ಹಿಡಿಸಿದವು. ಮೊದಲ ಅಧ್ಯಾಯ ಕಳಿಸಿದ್ದೇನೆ. ಸ್ಯಾಂಪಲ್ ಮಾಡಿಕೊಡಿ. ಸಂಭಾವನೆಯನ್ನು ಅಕ್ಕ ಹೇಳಿದ ಹಾಗೆ ಮೊದಲೇ ಮಾತಾಡೋಣ.

ಕೋಟೆ ರಸ್ತೆ ಓದುಗಿ, ಬಳ್ಳಾರಿ

ಅಣ್ಣಾ, ಎರಡು ಸಲ ಓದಿದೆ. ಕಿಂಡಿಯೊಳಗಿಂದ ಹುಡುಗ ಹೊರಗೆ ನೋಡುವ ಭಾಗ ತುಂಬಾ ಚೆನ್ನಾಗಿದೆ, ಅಲ್ಲಿ ಒಂದು ಪದವನ್ನೂ ಮುಟ್ಟಬಾರದು. ಮಾತುಕತೆ ಹಾಗೇ ಇರಲಿ. ನನ್ನ ಪ್ರಶ್ನೆಗಳನ್ನು ನಿಮ್ಮ ಒಪ್ಪಿಗೆಯಿಂದ ಇಲ್ಲೇ ಹಾಕುತ್ತೇನೆ, ಅಕ್ಕನೂ ನೋಡಲಿ.

ಬೆಂಕಿ ಮಳೆಗೆ ಹೆದರಿ ಮೊರೇರು ಕಲ್ಲಿನ ಮನೆ ಕಟ್ಟಿಕೊಂಡರು ಅಂತ ಶುರುವಿನಲ್ಲಿದೆ. ಆದರೆ ಅಜ್ಜಿಯ ಮನೆಗೆ ಹುಲ್ಲಿನ ಚಾವಣಿ ಇದೆ. ಅಜ್ಜಿಗೆ ಭಯ ಇಲ್ವಾ? ಇಲ್ಲ ಅಂದರೆ ಯಾಕೆ?

ನಗಾರಿ ಬಂಡೆ ಹೊಡೆದರೆ ಕೊಪ್ಪಳದ ಕೋಟೆಗೆ ಆ ಕ್ಷಣವೇ ಕೇಳಿಸುತ್ತದೆ. ಇದು ಮಾಯೆಯಾ, ಬರೀ ಸದ್ದಾ? ಮಾಯೆ ಆದರೆ ಹೊಡೆದವರಿಗೆ ಏನು ಆಗುತ್ತದೆ? ಮಂತ್ರಕ್ಕೆ ಬೆಲೆ ಕೊಡಬೇಕು ಅಂತ ನೀವೇ ಹಿಂದಿನ ಪುಟದಲ್ಲಿ ಹೇಳಿದ್ದೀರಿ.

ಮೊರೇರ ಹುಡುಗನ ವಯಸ್ಸು ಒಂದು ಕಡೆ ಒಂಬತ್ತು ಮಳೆಗಾಲ, ಇನ್ನೊಂದು ಕಡೆ ಹನ್ನೆರಡು.

ವಿಜ್ಞಾನ ಮೇಷ್ಟ್ರು, ಕೊಪ್ಪಳ

ಬರೀ ಸದ್ದು ಆದರೆ ಲೆಕ್ಕ ಕೊಡುತ್ತೇನೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಕಿ.ಮೀ. ಅಂತ ಇಟ್ಟುಕೊಂಡರೆ ಒಂದೂವರೆ ನಿಮಿಷ ಬೇಕು. ಅಷ್ಟು ದೂರ ಕೇಳಿಸುವುದೂ ಕಷ್ಟ. ನಡುವೆ ಗುಡ್ಡದಿಂದ ಗುಡ್ಡಕ್ಕೆ ಬೇರೆ ನಗಾರಿಗಳಿದ್ದು, ಒಬ್ಬರಿಂದ ಒಬ್ಬರಿಗೆ ದಾಟಿಸಿದರೆ ಆಗಬಹುದು.

ಕರಡು ಅಕ್ಕ, ರಾಯಚೂರು

ತಂಗೀ, ಮೂರೂ ಸರಿಯಾದ ಪ್ರಶ್ನೆಗಳು. ಹೊಗಳಿದ ಮೇಲೆ ಕೇಳಿದ್ದೀಯ, ಉತ್ತರವನ್ನು ಅವರಿಗೇ ಬಿಟ್ಟಿದ್ದೀಯ. ಹುಡುಗನ ವಯಸ್ಸನ್ನು ಈಗಲೇ ಸ್ಟೈಲ್ ಶೀಟ್‌ಗೆ ಹಾಕು. 'ಮಳೆಗಾಲ' ಅಂದರೆ ಒಂದು ವರ್ಷ ಅಂತಲೂ ಬರೆದುಕೋ, ಮುಂದೆ ಎಲ್ಲಾದರೂ ಮುಂಗಾರು, ಹಿಂಗಾರು ಎರಡನ್ನೂ ಎಣಿಸಿದ್ದರೆ ಗೊತ್ತಾಗುತ್ತದೆ.

ಮೊರೇರ ಗುಡ್ಡ, ಗಂಗಾವತಿ

ವಯಸ್ಸು ಹನ್ನೆರಡೇ. ಅಜ್ಜಿಯ ಹುಲ್ಲಿನ ಚಾವಣಿ ಹಾಗೇ ಇರಲಿ, ಅದಕ್ಕೆ ಕಾರಣ ಈಗ ಹೊಳೆದಿದೆ, ನಾಲ್ಕನೇ ಅಧ್ಯಾಯದಲ್ಲಿ ಬರೆಯುತ್ತೇನೆ. ಮೇಷ್ಟ್ರೇ, ಗುಡ್ಡದಿಂದ ಗುಡ್ಡಕ್ಕೆ ನಗಾರಿ ತುಂಬಾ ಚೆನ್ನಾಗಿದೆ. ಹಿರೇಬೆಣಕಲ್‌ನಿಂದ ಕೊಪ್ಪಳದ ಕೋಟೆ ತನಕ ಯಾವ ಯಾವ ಗುಡ್ಡ ಒಂದಕ್ಕೊಂದು ಕಾಣಿಸುತ್ತವೆ, ಭಾನುವಾರ ಬೈಕ್ ತಗೊಂಡು ಹೋಗಿ ನೋಡೋಣ, ಬರುತ್ತೀರಾ?